ಮಂಗಳವಾರ ಬಂದ ಕಾಗದ

ಈ ಜೂನ್‌ನಲ್ಲಿ ವರ್ಜೀನಿಯಾದ ಶ್ಯಾಂಟಿಲಿಯ ನಮ್ಮ ಬೀದಿಗೆ ಹೊಸದಾಗಿ ಡಾಂಬರು ಹಾಕಿದರು. ಮೂರು ದಿನ ಕಾರುಗಳನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಬೇಕೆಂದು ಮನೆಮನೆಯ ಬಾಗಿಲಿಗೂ ಚೀಟಿ ಅಂಟಿಸಿ ಹೋಗಿದ್ದರು. ಕಿಟಕಿ ಎಲ್ಲ ಮುಚ್ಚಿದರೂ ಬಿಸಿ ಡಾಂಬರಿನ ವಾಸನೆ ಅಡುಗೆಮನೆಯವರೆಗೂ ಬಂತು. ತಲೆ ಸುತ್ತುತ್ತೆ ಎಂದು ನನ್ನ ಗಂಡ ಅರುಣ್ ಮಹಡಿಗೆ ಹೋಗಿ ಮಲಗಿದ. ನನಗೆ ತಲೆ ಸುತ್ತಲಿಲ್ಲ. ದವಡೆ ನೋಯತೊಡಗಿತು. ಹಲ್ಲು ಕಚ್ಚಿಕೊಂಡು ನಿಂತಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

2020ರ ಏಪ್ರಿಲ್‌ನಲ್ಲಿ ಒಂದು ವಾರ ಪೂರ್ತಿ ನಾನು ಉಸಿರಾಡಿದ್ದು ಇದೇ ವಾಸನೆಯನ್ನು. ಇರಾಕಿನ ಮರುಭೂಮಿಯಲ್ಲಿ ಒಂದು ಸಣ್ಣ ಸೇನಾ ಠಾಣೆ. ಸೋಮವಾರ ಬೆಳಗ್ಗೆ ರಾಕೆಟ್ ಬಿದ್ದು ರಸ್ತೆಯಲ್ಲಿ ಆದ ಗುಂಡಿಗಳನ್ನು ಅದೇ ಮಧ್ಯಾಹ್ನದಿಂದ ಡಾಂಬರು ಸುರಿದು ಮುಚ್ಚತೊಡಗಿದ್ದರು. ಆ ವಾರದಲ್ಲಿ ಒಬ್ಬ ಮನುಷ್ಯ ನನಗೆ ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಹೇಳಿದವರೆಲ್ಲ ಒಳ್ಳೆಯವರೇ. ಅವರು ಯಾರೂ ಆ ವಾರ ಅಲ್ಲಿ ಇರಲಿಲ್ಲ.

ನನ್ನ ಹೆಸರು ಐರಿನ್. ಊರು ಉಡುಪಿ ಕಡೆಯ ಶಿರ್ವದ ಹತ್ತಿರ. ಅಪ್ಪ ನನಗೆ ಒಂಬತ್ತು ತುಂಬುವ ಮೊದಲೇ ಹೋದರು. ಅಮ್ಮ ಸೆರಫಿನಾ ಮನೆಯ ಹಿಂದೆ ಮಲ್ಲಿಗೆ ಬೆಳೆದು, ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ ಪೇಟೆಗೆ ಮುಟ್ಟಿಸಿ, ಆ ಹೂವಿನಲ್ಲೇ ನನ್ನನ್ನು ಮಂಗಳೂರಿನಲ್ಲಿ ನರ್ಸಿಂಗ್ ಓದಿಸಿದಳು. ಅವಳ ಹೆಬ್ಬೆರಳು ತೋರುಬೆರಳುಗಳ ತುದಿ ನಾರು ಎಳೆದೆಳೆದು ಒರಟಾಗಿತ್ತು. ಜ್ವರ ಬಂದಾಗ ಅದೇ ಬೆರಳಿನಲ್ಲಿ ಹಣೆ ಒತ್ತುತ್ತಿದ್ದಳು.

ಅರುಣ್ ಮೈಸೂರಿನವನು. ಅವನೂ ಕ್ರಿಶ್ಚಿಯನ್ನೇ, ಆದರೆ ಕೊಂಕಣಿ ಬಾರದು. ಹಾಗಾಗಿ ನಮ್ಮ ಮನೆಮಾತು ಕನ್ನಡವಾಯಿತು. ಮದುವೆಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಬಂದೆ; ಅಟ್ಲಾಂಟಾದ ಹೊರಗೆ ಜಾನ್ಸ್ ಕ್ರೀಕ್‌ನಲ್ಲಿ ಅವನು ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ನನ್ನ ನರ್ಸಿಂಗ್ ಓದಿಗೆ ಇಲ್ಲಿ ಬೆಲೆ ಬರಬೇಕಾದರೆ ಮತ್ತೆ ಪರೀಕ್ಷೆ, ಮತ್ತೆ ಕಾಗದಪತ್ರ. ಸೈನ್ಯದ ಮೀಸಲು ಪಡೆಗೆ ಸೇರಿದರೆ ಓದಿನ ಖರ್ಚು ಅವರದು, ಪೌರತ್ವವೂ ಬೇಗ, ತಿಂಗಳಿಗೆ ಎರಡು ದಿನ ತರಬೇತಿ ಅಷ್ಟೇ ಎಂದು ಮಾಲ್‌ನಲ್ಲಿ ಕುಳಿತಿದ್ದ ಸಮವಸ್ತ್ರದ ಹುಡುಗಿ ಹೇಳಿದಳು. ಮೂವತ್ತರ ವಯಸ್ಸಿನಲ್ಲಿ, ಹೆತ್ತ ಹೊಟ್ಟೆ ಹೊತ್ತುಕೊಂಡೇ ಓಡಿ, ತೆವಳಿ, ಮೆಡಿಕ್ ಆದೆ. ಗಾಯಾಳುವನ್ನು ಆಸ್ಪತ್ರೆ ಮುಟ್ಟುವವರೆಗೆ ಉಳಿಸುವುದು ಮೆಡಿಕ್‌ನ ಕೆಲಸ. ಸಮವಸ್ತ್ರದ ಎದೆಯ ಮೇಲೆ ನನ್ನ ತವರಿನ ಹೆಸರು, ಪಿಂಟೊ.

2019ರ ಮಳೆಗಾಲ ಮುಗಿಯುವ ಹೊತ್ತಿಗೆ ಕರೆ ಬಂತು. ಉತ್ತರ ಕೆರೊಲೈನಾದ ಒಂದು ತುಕಡಿ ಇರಾಕಿಗೆ ಹೊರಟಿದೆ, ಅದಕ್ಕೆ ಮೆಡಿಕ್ ಸಾಲದು, ನೀನು ಹೋಗಬೇಕು. ನಮ್ಮ ರಿಯಾಗೆ ಆಗ ಆರು ವರ್ಷ. ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅವಳು ಮಲ್ಲಿಗೆ ಗಿಡಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಆರು ತಿಂಗಳ ವೀಸಾದಲ್ಲಿ ಬಂದಳು. ಮೊದಲ ಬಾರಿ ವಿಮಾನ ಹತ್ತಿದವಳು. ನಾನು ಹೊರಡುವ ಬೆಳಗ್ಗೆ ಅರುಣ್ ಎದುರಿಗೆ ಇದ್ದುದರಿಂದ ಕನ್ನಡದಲ್ಲೇ ಹೇಳಿದಳು: "ನೀನು ಹೋಗಿ ಬಾ. ಮಗು ನನ್ನ ಹತ್ರ ಉಂಟಲ್ಲ, ಮತ್ತೆಂತ ಹೆದರಿಕೆ?"

ಅಲ್ಲಿಯ ಬದುಕನ್ನು ಉದ್ದಕ್ಕೆ ಬರೆಯುವುದಿಲ್ಲ. ಚಳಿಗಾಲದಲ್ಲಿ ಕೆಸರು, ಮಾರ್ಚ್ ಆದ ಮೇಲೆ ಹಿಟ್ಟಿನಂಥ ಧೂಳು. ಹೊಸ ವರ್ಷದ ನಂತರ ರಾಕೆಟ್‌ಗಳು ಹೆಚ್ಚಿದವು. ಸೈರನ್ ಕೂಗಿದರೆ ಕಾಂಕ್ರೀಟಿನ ಗೂಡಿಗೆ ಓಡಿ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುವಂತೆ ಮುದುಡಿ ಕೂರಬೇಕು. ಬೂಟು ಬಿಚ್ಚಿ ಮಲಗುವುದನ್ನೇ ಬಿಟ್ಟೆವು. ಕಾಲ್ಬೆರಳ ಸಂದುಗಳು ಕೊಳೆತು ಉರಿಯುತ್ತಿದ್ದವು. ಆದರೆ ಮನೆಗೆ ಫೋನ್ ಮಾಡಿದಾಗ ಇಲ್ಲಿ ಎಲ್ಲ ಆರಾಮ, ಊಟ ಚೆನ್ನಾಗಿದೆ ಎನ್ನುತ್ತಿದ್ದೆ. ಅಮ್ಮನೂ ಅಲ್ಲಿಂದ ಹಾಗೇ ಹೇಳುತ್ತಿದ್ದಳು. ಸ್ಕೂಲ್ ಬಸ್ಸಿನಿಂದ ರಿಯಾಳನ್ನು ಇಳಿಸಿಕೊಳ್ಳಲು ಹೋಗಿ ಹಿಮದಲ್ಲಿ ಜಾರಿ ಬಿದ್ದದ್ದನ್ನು ಅವಳು ನನಗೆ ಹೇಳಲೇ ಇಲ್ಲ.

ಅವಳ ವಾಪಸು ಟಿಕೆಟ್ ಮಾರ್ಚ್ ಕೊನೆಯ ವಾರಕ್ಕಿತ್ತು. ಹೊರಡಲು ನಾಲ್ಕೈದು ದಿನ ಇರುವಾಗ ಕೊರೊನಾ ಎಂದು ಭಾರತ ವಿಮಾನಗಳನ್ನು ನಿಲ್ಲಿಸಿತು. ನಮ್ಮ ಸೈನ್ಯವೂ ಯಾರೂ ಎಲ್ಲಿಗೂ ಚಲಿಸಬಾರದೆಂದು ಆದೇಶ ಹೊರಡಿಸಿತು. ನಾನು ಬರಬೇಕಾದ ದಿನ ಮುಂದಕ್ಕೆ ಹೋಯಿತು, ಅವಳು ಹೋಗಬೇಕಾದ ದಿನವೂ ಮುಂದಕ್ಕೆ ಹೋಯಿತು. ಅರುಣ್ ಮಾತ್ರ ದಿನಾ ಅಂಗಡಿಗೆ ಹೋಗಲೇಬೇಕಿತ್ತು; ಔಷಧಿ ಅಂಗಡಿ ಮುಚ್ಚುವ ಹಾಗಿರಲಿಲ್ಲ. ಯುದ್ಧದಲ್ಲಿದ್ದ ನಾನು ಮನೆಯಲ್ಲಿದ್ದವರ ಜೀವಕ್ಕೆ ಹೆದರತೊಡಗಿದೆ. ಗಾಯಾಳುಗಳ ಕೋಣೆಯಲ್ಲಿ ಕೈಗವಸುಗಳನ್ನು ಎಣಿಸುವಾಗಲೂ ಅರುಣ್‌ನ ಬಳಿ ಎಷ್ಟಿವೆಯೋ ಎನ್ನಿಸುತ್ತಿತ್ತು.

ಏಪ್ರಿಲ್‌ನ ಆ ಸೋಮವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ರಾಕೆಟ್ ಬಿತ್ತು. ನಮ್ಮವರು ಇಬ್ಬರು ಸತ್ತರು. ಸತ್ತವರ ಮನೆಗೆ ಸೈನ್ಯವೇ ಹೋಗಿ ಸುದ್ದಿ ಮುಟ್ಟಿಸುವವರೆಗೆ ಠಾಣೆಯ ಇಂಟರ್‌ನೆಟ್ಟು, ಫೋನು ಎಲ್ಲ ಕಡಿದುಹಾಕುವುದು ಕ್ರಮ. ಯಾರೋ ಮೆಸೇಜ್ ಕಳಿಸಿ, ಹೆಂಡತಿಗೆ ಫೇಸ್‌ಬುಕ್ಕಿನಲ್ಲಿ ಗಂಡನ ಸಾವು ಗೊತ್ತಾಗಬಾರದಲ್ಲ. ಅದು ಸರಿಯಾದ ಕ್ರಮ. ಅದರ ಮೇಲೆ ನನಗೆ ದೂರಿಲ್ಲ. ಕಚೇರಿಯ ಸರ್ಕಾರಿ ಫೋನ್ ಮಾತ್ರ ನಡೆಯುತ್ತಿತ್ತು.

ಮನೆಯಲ್ಲಿ ಆಗಿದ್ದೆಲ್ಲ ನನಗೆ ಆಮೇಲೆ ತಿಳಿದದ್ದು. ಅಮ್ಮನಿಗೆ ಹಿಂದಿನ ಗುರುವಾರದಿಂದ ಜ್ವರ. ಶನಿವಾರ ಮಧ್ಯಾಹ್ನ ಅರುಣ್ ಅಂಗಡಿಯಲ್ಲಿದ್ದಾಗ ಉಸಿರು ಕಟ್ಟತೊಡಗಿತು. ರಿಯಾಳೇ ಅಪ್ಪನಿಗೆ ಫೋನ್ ಮಾಡಿದಳು, ಅವನು ಆಂಬ್ಯುಲೆನ್ಸಿಗೆ ಹೇಳಿದ. ಅರುಣ್ ಮನೆ ಮುಟ್ಟುವಾಗ ಮುಖ ಮುಚ್ಚಿಕೊಂಡವರು ಅಮ್ಮನನ್ನು ಹೊರಗೆ ತರುತ್ತಿದ್ದರು. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಇಂಗ್ಲಿಷ್ ಬಾರದ ಅಮ್ಮ ಒಬ್ಬಳೇ. ಸೋಮವಾರ ಅಲ್ಲಿಯ ನರ್ಸ್ ಅರುಣ್‌ಗೆ ಫೋನ್ ಮಾಡಿ, ಇನ್ನು ಎರಡು ಮೂರು ದಿನದಲ್ಲಿ ಇವರನ್ನು ಉಸಿರಾಟದ ಯಂತ್ರಕ್ಕೆ ಹಾಕಬೇಕಾಗಬಹುದು, ಆಮೇಲೆ ಮಾತಾಡಲು ಆಗದು, ಇವರು ಮಗಳ ಹೆಸರು ಹೇಳುತ್ತಲೇ ಇದ್ದಾರೆ ಎಂದಳಂತೆ. ಮಗಳು ಫೋನ್ ಮಾಡಿದರೆ ಯಾವ ಹೊತ್ತಾದರೂ ಸರಿ, ಕಿವಿಗೆ ಹಿಡಿಯುತ್ತೇನೆ ಎಂದಳಂತೆ. ಆ ನರ್ಸಿನ ಮುಖ ನಾನು ಕಂಡಿಲ್ಲ. ದೇವರು ಅವಳನ್ನು ಚೆನ್ನಾಗಿ ಇಟ್ಟಿರಲಿ.

ಶನಿವಾರ, ಭಾನುವಾರ ಧೂಳುಗಾಳಿಗೆ ಠಾಣೆಯ ಸಂಪರ್ಕ ಬಿದ್ದುಹೋಗಿತ್ತು, ಸೋಮವಾರ ಅದನ್ನು ಕಡಿದೇ ಹಾಕಿದರು; ಅರುಣ್‌ನ ಫೋನ್ ನನಗೆ ತಾಗಲಿಲ್ಲ. ಸೈನಿಕರ ಮನೆಯವರಿಗೆಂದೇ ಒಂದು ತುರ್ತು ವ್ಯವಸ್ಥೆ ಇದೆ. ಮನೆಯವರು ಫೋನ್ ಮಾಡಿ ಹೇಳಿದರೆ ಅವರು ಆಸ್ಪತ್ರೆಯಿಂದ ಖಚಿತಪಡಿಸಿಕೊಂಡು ನೇರ ತುಕಡಿಯ ಕಚೇರಿಗೆ ಸಂದೇಶ ಕಳಿಸುತ್ತಾರೆ. ಅರುಣ್ ಅದನ್ನು ಮಾಡಿದ. ರೋಗಿಯ ಹೆಸರು, ವಯಸ್ಸು, ಸ್ಥಿತಿ, ಆಸ್ಪತ್ರೆಯ ನಂಬರ್ ಎಲ್ಲ ಇದ್ದ ಒಂದು ಹಾಳೆ ಮಂಗಳವಾರ ಬೆಳಗ್ಗೆ ಒಂಬತ್ತೂ ನಲವತ್ತಕ್ಕೆ ನಮ್ಮ ಕಚೇರಿಯ ಯಂತ್ರದಿಂದ ಹೊರಬಂತು. ನಾನು ಆಗ ಆ ಕಚೇರಿಯಿಂದ ನೂರು ಹೆಜ್ಜೆ ದೂರದಲ್ಲಿ ಔಷಧಿ ಪೆಟ್ಟಿಗೆ ಜೋಡಿಸುತ್ತಿದ್ದೆ.

ಹಾಳೆಯನ್ನು ಓದಿದವನು ಡಾಸನ್, ತುಕಡಿಯ ಫಸ್ಟ್ ಸಾರ್ಜೆಂಟ್. ಸೈನಿಕರ ಊಟ, ನಿದ್ದೆ, ರಜೆ, ಶಿಕ್ಷೆ ಎಲ್ಲ ಅವನ ಕೈಯಲ್ಲಿ. ಎತ್ತರದ ಆಳು, ಕೆರೊಲೈನಾದವನು, ದನಿ ಏರಿಸುವವನಲ್ಲ. ಹೊರಗಿನಿಂದ ಸೇರಿಕೊಂಡ ನನ್ನಂಥವರ ಮುಖ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆ ಆರು ವಾಹನಗಳು ದೂರದ ಒಂದು ಕಾವಲು ನೆಲೆಗೆ ಹೋಗಿ ಅಲ್ಲಿದ್ದವರನ್ನು ಕರೆತರಬೇಕಿತ್ತು. ಇನ್ನೊಬ್ಬ ಮೆಡಿಕ್ ಸೋಮವಾರವೇ ಗಾಯಗೊಂಡಿದ್ದ. ಉಳಿದವಳು ನಾನೊಬ್ಬಳೇ. ಡಾಸನ್ ಆ ಹಾಳೆಯನ್ನು ಮಡಿಸಿ ಮೇಜಿನ ಡ್ರಾಯರಿಗೆ ಹಾಕಿದ.

ಬುಧವಾರ ಬೆಳಗ್ಗೆ ಹೊರಟೆವು. ಎರಡು ಗಂಟೆ ದಾರಿಯ ನಂತರ ಮೂರನೆಯ ವಾಹನದ ಕೆಳಗೆ ಬಾಂಬ್ ಸಿಡಿಯಿತು. ಅದರ ಚಾಲಕ ರುಯಿಜ್, ಟೆಕ್ಸಾಸಿನವನು, ಆಗಷ್ಟೇ ಮದುವೆಯಾದವನು. ತೊಡೆಯ ದೊಡ್ಡ ರಕ್ತನಾಳ ಹರಿದಿತ್ತು. ರಕ್ತ ನಿಲ್ಲಿಸಲು ಬಿಗಿದ ಮೊದಲ ಪಟ್ಟಿ ಜಾರಿತು. ಎರಡನೆಯದನ್ನು ಮೇಲಕ್ಕೆ ಬಿಗಿದು, ಗಾಯದೊಳಗೆ ಮುಷ್ಟಿ ಇಟ್ಟು, ಹೆಲಿಕಾಪ್ಟರ್ ಬರುವವರೆಗೆ ಮೂವತ್ತೈದು ನಿಮಿಷ ನನ್ನ ಇಡೀ ಭಾರವನ್ನು ಅವನ ಮೇಲೆ ಹಾಕಿ ಕೂತೆ. ಅವನು ಹೆಂಡತಿಯ ಹೆಸರು ಹೇಳುತ್ತಿದ್ದ. ಅವಳಿಗೆ ಹೇಳಬೇಕಾದ್ದನ್ನು ಊರಿಗೆ ಹೋಗಿ ನೀನೇ ಹೇಳುವೆಯಂತೆ, ಸುಮ್ಮನಿರು ಎಂದೆ. ಅವನು ಬದುಕಿದ. ಕಾಲೂ ಉಳಿಯಿತು.

ಸಂಜೆ ಆರಕ್ಕೆ ಠಾಣೆಗೆ ಮರಳಿದೆವು. ವಾಹನ ಇಳಿದಾಗ ಡಾಸನ್ ಬಂದು ನನ್ನ ಭುಜ ತಟ್ಟಿ, ಒಳ್ಳೆಯ ಕೆಲಸ ಎಂದು ಹೇಳಿ ಹೋದ. ಅಷ್ಟೇ. ಆ ಹೊತ್ತಿಗೆ ಜಾರ್ಜಿಯಾದಲ್ಲಿ ಬುಧವಾರದ ಬೆಳಗು. ಅಮ್ಮ ಎಚ್ಚರವಾಗಿದ್ದಳು. ಮರುದಿನ, ಗುರುವಾರ, ನಾನು ಬೂಟಿನ ರಕ್ತ ತೊಳೆದೆ. ಹನ್ನೊಂದು ಗಂಟೆ ನಿದ್ದೆ ಮಾಡಿದೆ. ಮಧ್ಯಾಹ್ನ ಜೊತೆಯವರೊಡನೆ ಕುಳಿತು ಡಬ್ಬಿಯ ಪೀಚ್ ಹಣ್ಣು ತಿಂದು, ಇಸ್ಪೀಟ್ ಆಡಿ, ಯಾರದೋ ಮಾತಿಗೆ ಹೊಟ್ಟೆ ಹಿಡಿದು ನಕ್ಕೆ. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಗುರುವಾರ ಸಂಜೆ ಅಮ್ಮನನ್ನು ಯಂತ್ರಕ್ಕೆ ಹಾಕಿದರು. ಶುಕ್ರವಾರ ಮಧ್ಯಾಹ್ನ, ಅಲ್ಲಿ ಆಗಷ್ಟೇ ಬೆಳಗಾಗುತ್ತಿದ್ದಾಗ, ಹೋದಳು.

ಶುಕ್ರವಾರ ಮೂರೂವರೆಗೆ ಇಂಟರ್‌ನೆಟ್ ಬಂತು. ಫೋನಿನಲ್ಲಿ ಅರುಣ್‌ನ ಸಂದೇಶಗಳು ಒಂದರ ಮೇಲೊಂದು ಬಿದ್ದವು. ಕೊನೆಯದರಿಂದ ಓದಬೇಕಾಯಿತು. ಓದುತ್ತ ನಿಂತಿದ್ದಾಗಲೇ ಕಚೇರಿಯಿಂದ ಕರೆ. ಡಾಸನ್ ಹಾಳೆಯನ್ನು ನನ್ನ ಕೈಗಿತ್ತು, ನಿನ್ನ ಕುಟುಂಬದ ಬಗ್ಗೆ ಸಂದೇಶ ಬಂದಿದೆ, ಬೇಸರದ ಸುದ್ದಿ, ಎರಡು ದಿನ ಕೆಲಸ ಬೇಡ ಎಂದ. ಮಾಸ್ಕಿನ ಮೇಲೆ ಅವನ ಕಣ್ಣು ದಣಿದಿದ್ದವು. ನಾನು ನೆಟ್ಟಗೆ ನಿಂತು, ತಿಂಗಳುಗಟ್ಟಲೆ ಬಾಯಿಗೆ ಅಭ್ಯಾಸವಾದಂತೆ, "ಥ್ಯಾಂಕ್ಯೂ, ಫಸ್ಟ್ ಸಾರ್ಜೆಂಟ್" ಎಂದು ಹೇಳಿ ಹೊರಬಂದೆ. ಹೊರಗೆ ಡಾಂಬರಿನ ಹೊಗೆ.

ಅಮ್ಮನನ್ನು ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಜಾರ್ಜಿಯಾದ ಕೆಂಪು ಮಣ್ಣು, ಪಾದ್ರಿ ದೂರದಲ್ಲಿ, ಅರುಣ್, ಅವನ ಪ್ಯಾಂಟ್ ಹಿಡಿದುಕೊಂಡ ರಿಯಾ. ಇನ್ನು ಯಾರೂ ಇಲ್ಲ. ಅಂಗಡಿಯಿಂದ ನಾನೇ ವೈರಸ್ ತಂದೆನೇನೋ ಎಂದು ಅರುಣ್ ತಿಂಗಳುಗಟ್ಟಲೆ ಹೇಳುತ್ತಿದ್ದ. ಅವನ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ. ಅವನು ತಾನು ಮಾಡಬಹುದಾದ್ದನ್ನೆಲ್ಲ ಮಾಡಿದ್ದ. ನನಗೂ ಆಗ ಸಿಟ್ಟಿರಲಿಲ್ಲ. ಸಂದೇಶ ತಡವಾಗಿ ಬಂತು, ಯುದ್ಧ, ಹಣೆಬರಹ ಎಂದುಕೊಂಡಿದ್ದೆ.

ಸೆಪ್ಟೆಂಬರ್‌ನಲ್ಲಿ ವಾಪಸು ಬಂದೆವು. ಕೆರೊಲೈನಾದಲ್ಲಿ ವಿಮಾನ ಇಳಿದು ಚೀಲಗಳಿಗೆ ಕಾಯುತ್ತಿದ್ದಾಗ ಕಚೇರಿಯ ಗುಮಾಸ್ತೆ ಕೀಶಾ ನನ್ನ ಪಕ್ಕ ಬಂದು ನಿಂತಳು. ಚಾರ್ಲ್ಸ್‌ಟನ್ ಕಡೆಯ ಹುಡುಗಿ, ಇಪ್ಪತ್ತೆರಡಿರಬಹುದು. ಐದು ತಿಂಗಳಿಂದ ನನಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಹಾಳೆ ಬಂದದ್ದು ಮಂಗಳವಾರ, ತಾನೇ ದಾಖಲು ಪುಸ್ತಕದಲ್ಲಿ ಸಮಯ ಬರೆದದ್ದು, ಬುಧವಾರ ಸಂಜೆ ಒಮ್ಮೆ ನೆನಪಿಸಿದ್ದಕ್ಕೆ ಡಾಸನ್ ಆಗಲಿ ಎಂದ, ಮತ್ತೆ ಕೇಳಲು ಧೈರ್ಯ ಸಾಲಲಿಲ್ಲ ಎಂದು ಹೇಳಿ ಅತ್ತಳು. ನಾನು ಅವಳನ್ನು ತಬ್ಬಿಕೊಂಡೆ. ಅವಳ ಭುಜದ ಮೇಲಿಂದ ನೋಡಿದರೆ ಡಾಸನ್ ತನ್ನ ಹೆಂಡತಿಯನ್ನು ತಬ್ಬಿಕೊಂಡು ನಿಂತಿದ್ದ.

ಅಂದಿನಿಂದ ನನ್ನೊಳಗೆ ಬೇರೆಯೇ ಹೆಂಗಸು ಸೇರಿಕೊಂಡಳು. ಲಿಖಿತ ದೂರು ಕೊಟ್ಟೆ. ಏಳು ತಿಂಗಳ ಮೇಲೆ ಉತ್ತರ ಬಂತು. ಕಾರ್ಯಾಚರಣೆಯ ಮೊದಲು ಸಂದೇಶವನ್ನು ತಡೆದಿಟ್ಟದ್ದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯ. ಆನಂತರದ ವಿಳಂಬಕ್ಕೆ ಸಾರ್ಜೆಂಟ್ ಕೊಟ್ಟ ಹೇಳಿಕೆಯ ಒಂದು ಸಾಲನ್ನು ಅದರಲ್ಲಿ ಸೇರಿಸಿದ್ದರು: ಕೆಲಸದ ಒತ್ತಡದಿಂದ ವಿಷಯ ನನ್ನ ಗಮನದಿಂದ ಜಾರಿತು.

ಜಾರಿತು. ಬುಧವಾರ ಬೆಳಗ್ಗೆಯವರೆಗೆ ಅವನಿಗೆ ಕಾರಣವಿತ್ತು. ಹೇಳಿದ್ದರೆ ನನ್ನ ಕೈ ನಡುಗಿ ರುಯಿಜ್ ಸಾಯುತ್ತಿದ್ದನೋ ಏನೋ. ಅದನ್ನು ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿಲ್ಲ. ಆದರೆ ಬುಧವಾರ ಸಂಜೆ ಆರರಿಂದ ಗುರುವಾರ ಸಂಜೆಯವರೆಗೆ ಪೂರ್ತಿ ಒಂದು ಹಗಲು ಒಂದು ರಾತ್ರಿ ಇತ್ತು. ಅವನ ಮೇಜಿನ ಮೇಲೆ ನಡೆಯುವ ಫೋನ್ ಇತ್ತು. ಐದು ನಿಮಿಷ ಸಾಕಿತ್ತು. ನನ್ನ ಅಮ್ಮ ಡ್ರಾಯರಿನೊಳಗೆ ಇದ್ದಾಳೆಂಬುದನ್ನು ಅವನು ಮರೆತ. ಅವನು ದ್ವೇಷದಿಂದ ಮಾಡಿದ್ದರೆ ನನಗೆ ಇಷ್ಟು ದ್ವೇಷ ಹುಟ್ಟುತ್ತಿರಲಿಲ್ಲ.

ಅವನು ಕುಂಟುವುದನ್ನು, ಕುರುಡಾಗುವುದನ್ನು, ತನ್ನ ತಾಯಿಯ ಬಾಗಿಲ ಹೊರಗೆ ನಿಂತು ಒಳಗೆ ಬಿಡಿ ಎಂದು ಬೇಡುವುದನ್ನು ನಾನು ಕಲ್ಪಿಸಿಕೊಂಡಿದ್ದೇನೆ. ಪಾತ್ರೆ ತೊಳೆಯುವಾಗ, ಚರ್ಚಿನಲ್ಲಿ ಪೂಜೆಯ ಮಧ್ಯೆ ಮೊಣಕಾಲೂರಿದ್ದಾಗ ಕೂಡ. ಪಾಪನಿವೇದನೆಯಲ್ಲಿ ಪಾದ್ರಿಯವರಿಗೆ ಹೇಳಿದೆ. ಪ್ರಾರ್ಥಿಸು ಎಂದರು. ಪ್ರಾರ್ಥಿಸಿದೆ. ಅವನು ಎಂದಾದರೂ ನನ್ನ ಎದುರು ಕುಳಿತುಕೊಳ್ಳಲಿ ಎಂದು ಪ್ರಾರ್ಥಿಸಿದೆ.

2022ರಲ್ಲಿ ನಾವು ಶ್ಯಾಂಟಿಲಿಗೆ ಬಂದೆವು. ಸೈನ್ಯ ಬಿಟ್ಟಿದ್ದೆ, ನರ್ಸಿಂಗ್ ಪರೀಕ್ಷೆ ಪಾಸಾಗಿತ್ತು, ಅರುಣ್‌ನ ಮನೆಹೆಸರು ಇಟ್ಟುಕೊಂಡಿದ್ದೆ. ಸೈನಿಕರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಗುತ್ತಿಗೆ ಹಿಡಿದ ಒಂದು ಸಣ್ಣ ಕಂಪನಿಯಲ್ಲಿ ತರಬೇತಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮರುವರ್ಷ ಒಬ್ಬ ಹಿರಿಯ ತರಬೇತುದಾರ ಬೇಕಾಗಿದ್ದ. ಸಂದರ್ಶನಕ್ಕೆ ಮೂವರು ಕೂರುವುದೆಂದಾಯಿತು: ನಮ್ಮ ಮ್ಯಾನೇಜರ್ ಲಿಂಡಾ, ಕಚೇರಿಯ ಇನ್ನೊಬ್ಬರು, ನಾನು. ಅರ್ಜಿಗಳ ಕಟ್ಟಿನಲ್ಲಿ ನಾಲ್ಕನೆಯದು ಡಾಸನ್‌ನದು. ನಿವೃತ್ತನಾಗಿದ್ದಾನೆ, ಕೆರೊಲೈನಾದ ರಾಲಿಯಲ್ಲಿದ್ದಾನೆ, ವರ್ಜೀನಿಯಾಕ್ಕೆ ಬರಲು ಸಿದ್ಧ.

ಕಟ್ಟನ್ನು ಮುಚ್ಚಿ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ. ಕನ್ನಡಿಯಲ್ಲಿ ನಾನು ನಗುತ್ತಿದ್ದೆ.

ಗೊತ್ತಿರುವವರು ಬಂದರೆ ಹೇಳಿ ಹೊರಗುಳಿಯಬೇಕೆಂಬುದು ನಿಯಮ. ಸಂಜೆ ಅರುಣ್‌ಗೆ ಹೇಳಿದೆ. ಅವನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ.

"ಐರಿನ್, ನಾಳೆ ಬೆಳಗ್ಗೆನೇ ಲಿಂಡಾಗೆ ಹೇಳ್ಬಿಡು. ಪ್ಯಾನೆಲ್‌ನಿಂದ ಹೊರಗೆ ಬಾ."

"ಹೇಳ್ತೀನಿ."

"ಇದ್ರಿಂದ ಅತ್ತೆ ವಾಪಸ್ ಬರಲ್ಲ."

"ಗೊತ್ತು," ಎಂದೆ. ಲಿಂಡಾಗೆ ಹೇಳಲಿಲ್ಲ. ಹೇಳಿದ್ದೇನೆ ಎಂದು ಅರುಣ್‌ಗೆ ಸುಳ್ಳು ಹೇಳಿದೆ. ಹತ್ತು ದಿನ ನನ್ನ ಪ್ರಶ್ನೆಗಳನ್ನು ಜಪಮಾಲೆಯ ಮಣಿಗಳ ಹಾಗೆ ತಿರುಗಿಸಿದೆ. ಅವನ ಬಗ್ಗೆ ಇಲ್ಲದ್ದನ್ನು ಹುಟ್ಟಿಸಿ ಹೇಳೋಣವೇ, ಕುಡುಕ ಎನ್ನೋಣವೇ, ಹೆಂಗಸರ ಮೇಲೆ ಕೈಯಾಡಿಸುತ್ತಿದ್ದ ಎನ್ನೋಣವೇ ಎಂದು ಕೂಡ ಯೋಚಿಸಿದೆ. ಅದನ್ನು ಬಿಟ್ಟದ್ದು ಒಳ್ಳೆಯತನದಿಂದಲ್ಲ. ಸುಳ್ಳು ಹೇಳಿದರೆ ತನ್ನದೇನೂ ತಪ್ಪಿಲ್ಲ ಎಂಬ ಸಮಾಧಾನ ಅವನಿಗೆ ಸಿಕ್ಕಿಬಿಡುತ್ತದಲ್ಲ ಎಂದು.

ಅವನು ಬೂದು ಸೂಟಿನಲ್ಲಿ ಬಂದ. ತೆಳ್ಳಗಾಗಿದ್ದ, ಕಿವಿಗೆ ಯಂತ್ರ ಹಾಕಿದ್ದ. ಮೂವರ ಕೈಯನ್ನೂ ಕುಲುಕಿದ. ನನ್ನ ಮುಖ ನೋಡಿ, ಹೆಸರು ಕೇಳಿ, ಭೇಟಿಯಾಗಿ ಸಂತೋಷ ಎಂದ. ಅವನಿಗೆ ಗುರುತು ಸಿಗಲಿಲ್ಲ.

ಲಿಂಡಾ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು: ನೀವು ತೆಗೆದುಕೊಂಡ ಅತ್ಯಂತ ಕಠಿಣ ನಿರ್ಧಾರ ಯಾವುದು?

ಡಾಸನ್ ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಹೇಳತೊಡಗಿದ. ಏಪ್ರಿಲ್ 2020. ಇಬ್ಬರನ್ನು ಕಳೆದುಕೊಂಡ ಮರುದಿನ. ಉಳಿದಿದ್ದ ಒಬ್ಬಳೇ ಮೆಡಿಕ್‌ಗೆ ಮನೆಯಿಂದ ತುರ್ತು ಸಂದೇಶ ಬಂತು. ಹೇಳಿದ್ದರೆ ಆಕೆ ಕುಸಿದುಹೋಗುತ್ತಿದ್ದಳು. ಸಂದೇಶವನ್ನು ತಡೆದೆ, ಆಕೆಯನ್ನು ರಸ್ತೆಗೆ ಕಳಿಸಿದೆ. ಆಕೆ ಅಂದು ಒಬ್ಬನ ಜೀವ ಉಳಿಸಿದಳು. ಆ ಭಾರವನ್ನು ನಾನೇ ಹೊತ್ತೆ, ಅದೇ ನಾಯಕತ್ವ ಎಂದ. ಕೊನೆಗೆ ಸೇರಿಸಿದ: ಮೊದಲು ಆಕೆಗೆ ಸಿಟ್ಟು ಬಂದಿತ್ತು, ಆಮೇಲೆ ಅರ್ಥವಾಯಿತು, ನನಗೆ ಧನ್ಯವಾದ ಹೇಳಿದಳು.

ಲಿಂಡಾ ಬರೆದುಕೊಂಡು ತಲೆದೂಗಿದಳು. ಅವಳ ಕಣ್ಣು ತೇವವಾಗಿತ್ತು. ಅವನು ಈ ಕತೆಯನ್ನು ಎಷ್ಟು ಕಡೆ ಹೇಳಿದ್ದಾನೋ, ಎಷ್ಟು ಕಣ್ಣು ತೇವವಾಗಿವೆಯೋ! ನನ್ನ ಸರದಿ ಬಂತು. ನನ್ನ ದನಿ ನೆಟ್ಟಗಿತ್ತು.

"ಆ ಸಂದೇಶ ಯಾರ ಬಗ್ಗೆ ಇತ್ತು?"

"ಆಕೆಯ ತಾಯಿಯ ಬಗ್ಗೆ."

"ತಾಯಿಯ ಹೆಸರು?"

ಅವನು ಸ್ವಲ್ಪ ನಕ್ಕು, ಅಷ್ಟು ವಿವರ ನೆನಪಿಲ್ಲ ಎಂದ.

"ಹಾಳೆಯ ಮೊದಲ ಸಾಲಿನಲ್ಲೇ ಇತ್ತು. ಇರಲಿ. ವಾಹನಗಳು ಬುಧವಾರ ಸಂಜೆ ಆರಕ್ಕೆ ವಾಪಸ್ ಬಂದವು. ನೀವು ಆಕೆಯ ಭುಜ ತಟ್ಟಿದಿರಿ. ಹಾಳೆ ಕೊಟ್ಟಿದ್ದು ಶುಕ್ರವಾರ ನಾಲ್ಕಕ್ಕೆ. ನಡುವೆ ಯಾವ ಭಾರ ಹೊತ್ತಿದ್ದಿರಿ?"

ಅವನು ಈಗ ನನ್ನನ್ನು ನೋಡಿದ. ಮೊದಲು ಕಣ್ಣು, ಆಮೇಲೆ ಎದೆಯ ಮೇಲೆ ಹೆಸರಿನ ಪಟ್ಟಿ ಇರುತ್ತಿದ್ದ ಜಾಗ.

"ಪಿಂಟೊ," ಎಂದ.

"ಸೆರಫಿನಾ ಪಿಂಟೊ. ಅರವತ್ತೊಂದು ವರ್ಷ. ಗುರುವಾರ ಸಂಜೆಯವರೆಗೂ ಮಾತಾಡುತ್ತಿದ್ದಳು."

ಅವನ ಕೈ ನೀರಿನ ಲೋಟದ ಕಡೆ ಹೋಯಿತು, ಎತ್ತದೆ ಹಾಗೇ ಹಿಡಿದುಕೊಂಡ. ನಂತರ ಬಹಳ ಮೆಲ್ಲಗೆ, "ನೀವು ಥ್ಯಾಂಕ್ಯೂ ಅಂದಿರಿ," ಎಂದ. ಅವನು ಅದನ್ನು ನಿಜವಾಗಿ ನಂಬಿದ್ದ ಎಂದು ನನಗೆ ಆಗ ತಿಳಿಯಿತು.

"ಅಂದೆ. ಅದನ್ನು ವಾಪಸ್ ತೆಗೆದುಕೊಳ್ಳೋಕೆ ಇವತ್ತು ಇಲ್ಲಿ ಕೂತಿದ್ದೀನಿ."

ಲಿಂಡಾ ಸಂದರ್ಶನ ನಿಲ್ಲಿಸಿದಳು. ಅವನು ಎದ್ದು, ಸೂಟಿನ ಗುಂಡಿ ಹಾಕಿಕೊಳ್ಳಲು ಎರಡು ಸಲ ಪ್ರಯತ್ನಿಸಿ, ಹಾಗೇ ಹೋದ. ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ರಾಲಿಗೆ ನಾಲ್ಕು ಗಂಟೆಯ ದಾರಿ. ದಾರಿಯುದ್ದಕ್ಕೂ ನೆನಪಿರಲಿ ಎಂದುಕೊಂಡೆ.

ಅವನಿಗೆ ಕೆಲಸ ಸಿಗಲಿಲ್ಲ. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಮತ್ತೆಂದೂ ನನ್ನನ್ನು ಸಂದರ್ಶನಕ್ಕೆ ಕೂರಿಸಿಲ್ಲ. ಅದು ನ್ಯಾಯವೇ. ಅಂದು ಸಂಜೆ ಇಂಡಿಯನ್ ಸ್ಟೋರಿಗೆ ಹೋಗಿ ಫ್ರೋಜನ್ ಬಂಗುಡೆ ತಂದು, ತೆಂಗಿನಕಾಯಿ ಮೆಣಸು ಅರೆದು ಸಾರು ಮಾಡಿದೆ. ವರ್ಷಗಳ ನಂತರ ಎರಡು ಸಲ ಅನ್ನ ಹಾಕಿಸಿಕೊಂಡೆ. ಅರುಣ್ ನನ್ನ ಮುಖ ನೋಡಿಯೇ ಎಲ್ಲ ಊಹಿಸಿದ.

"ಈಗ ಸಮಾಧಾನ ಆಯ್ತಾ?"

"ಆಯ್ತು," ಎಂದೆ. ನಿಜವಾಗಿಯೂ ಆಗಿತ್ತು. ಸೇಡಿನಿಂದ ಏನೂ ಸಿಗುವುದಿಲ್ಲ ಎನ್ನುತ್ತಾರೆ. ನನಗೆ ಅಂದು ಹಸಿವು ಸಿಕ್ಕಿತು.

ಒಂದು ವಾರದ ಮೇಲೆ ಶನಿವಾರ ಬೆಳಗ್ಗೆ ರುಯಿಜ್ ಫೋನ್ ಮಾಡಿದ. ಪ್ರತಿ ಕ್ರಿಸ್ಮಸ್‌ಗೆ ಅವನ ಹೆಂಡತಿ, ಮಕ್ಕಳ ಫೋಟೋ ಬರುತ್ತದೆ. ನಾನು ಹಾಸಿಗೆಯ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದೆ, ಫೋನ್ ಸ್ಪೀಕರಿನಲ್ಲಿತ್ತು. ಸಂದರ್ಶನದಲ್ಲಿ ಆದದ್ದನ್ನು ಡಾಸನ್ ಅವನಿಗೆ ಹೇಳಿದ್ದ; ನಾನು ಅಲ್ಲಿರುವುದು ತಿಳಿಯದೆ ಆ ಕೆಲಸಕ್ಕೆ ಅರ್ಜಿ ಹಾಕಲು ಡಾಸನ್‌ಗೆ ಹೇಳಿದ್ದು ತಾನೇ ಎಂದ. ತುಕಡಿ ಇರಾಕಿನಿಂದ ಮರಳಿದ ಮೇಲೆ, ತಾನು ಇನ್ನೂ ಆಸ್ಪತ್ರೆಯಲ್ಲಿದ್ದಾಗ ಡಾಸನ್ ಪ್ರತಿ ಭಾನುವಾರ ಬಂದು ಕೂರುತ್ತಿದ್ದನಂತೆ, ಹೆಂಡತಿಗೆ ಊಟ ತಂದುಕೊಡುತ್ತಿದ್ದನಂತೆ. ಒಳ್ಳೆಯ ಮನುಷ್ಯ, ಒಂದು ತಪ್ಪು ಮಾಡಿದ, ತಾನು ಬದುಕಿರುವುದು ಆ ತಪ್ಪಿನಿಂದಲೇ ಇರಬಹುದು ಎಂದ.

"ನೀನು ಬದುಕಿರೋದು ನನ್ನ ಕೈಯಿಂದ," ಎಂದೆ. "ಅವನು ಬಾಯಿ ಮುಚ್ಚಿದ್ದರಿಂದ ಅಲ್ಲ. ಆಸ್ಪತ್ರೆಯ ದಾರಿ ಅವನಿಗೆ ಆಮೇಲೆ ಗೊತ್ತಾಯ್ತು ಅಂತ ಕೇಳಿ ಸಂತೋಷ."

ರುಯಿಜ್ ನನ್ನ ಅಮ್ಮನ ಹೆಸರನ್ನು ಕೇಳಿ, ಸ್ಪೆಲಿಂಗ್ ಕೇಳಿ ಬರೆದುಕೊಂಡ. ಮುಂದಿನ ತಿಂಗಳು ಹುಟ್ಟಲಿರುವುದು ಹೆಣ್ಣುಮಗು ಎಂದ. ಬಟ್ಟೆ ಮಡಿಸುತ್ತಲೇ ಇದ್ದೆ.

ಫೋನ್ ಇಟ್ಟ ಮೇಲೆ ತಿರುಗಿದರೆ ಬಾಗಿಲಲ್ಲಿ ರಿಯಾ. ಆಗ ಅವಳಿಗೆ ಹತ್ತು. ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಹಾಸಿಗೆಯ ತುದಿಯಲ್ಲಿ ಕುಳಿತಳು.

"ಮಮ್ಮಿ, ಐ ನೀಡ್ ಟು ಟೆಲ್ ಯೂ ಸಮ್‌ಥಿಂಗ್. ಆಂಬ್ಯುಲೆನ್ಸ್ ಬಂದಾಗ ಅಜ್ಜಿ ನಂಗೆ ಹೇಳಿದ್ರು. 'ಮಮ್ಮಿಗೆ ಹೇಳ್ಬೇಡ ಆಯ್ತಾ? ಅವ್ಳಿಗೆ ಅಲ್ಲಿ ಕೆಲಸ ಉಂಟು' ಅಂತ. ಐ ಪ್ರಾಮಿಸ್ಡ್. ಸೋ ಐ ನೆವರ್ ಟೋಲ್ಡ್ ಯೂ."

ಕೈಯಲ್ಲಿದ್ದ ಬಟ್ಟೆ ಜಾರಿತು. ಅಮ್ಮನ ಮಾತಿನ ಆ 'ಉಂಟು' ಅಮೆರಿಕದಲ್ಲಿ ಬೆಳೆದ ನನ್ನ ಮಗಳ ಬಾಯಲ್ಲಿ ಮೂರು ವರ್ಷ ಹಾಗೇ ಕೂತಿತ್ತು. ಶನಿವಾರ ಹೇಳಬೇಡ ಎಂದವಳು ಸೋಮವಾರದ ಹೊತ್ತಿಗೆ ಪರರ ನಡುವೆ ಒಬ್ಬಳೇ ಮಲಗಿ ನನ್ನ ಹೆಸರು ಕರೆಯುತ್ತಿದ್ದಳು. ಎರಡೂ ಅವಳೇ. ಮುಚ್ಚಿಡುವುದೂ ಕರೆಯುವುದೂ ಅವಳಿಗೆ ಬಿಟ್ಟದ್ದು, ಅವಳು ತಾಯಿ. ಆ ಹಕ್ಕನ್ನು ಡಾಸನ್‌ಗೆ ಯಾರೂ ಕೊಟ್ಟಿರಲಿಲ್ಲ.

ರಿಯಾಳನ್ನು ಎಳೆದು ಹತ್ತಿರ ಕೂರಿಸಿಕೊಂಡೆ.

"ಆರ್ ಯೂ ಮ್ಯಾಡ್ ಅಟ್ ಮೀ?"

"ಇಲ್ಲ ಮಗಳೇ."

"ಅಜ್ಜಿ ಮೇಲೆ?"

"ಸ್ವಲ್ಪ."

"ಆ ಮ್ಯಾನ್ ಮೇಲೆ? ಸ್ಟಿಲ್?"

"ಇನ್ನೂ ಇದೆ."

ಅವಳು ಯೋಚಿಸಿದಳು. ಹಾಗಾದರೆ ತಾನೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೇ ಎಂದು ಗಂಭೀರವಾಗಿ ಕೇಳಿದಳು.

"ಬೇಡ," ಎಂದೆ. "ಅದು ನಂಗೊಬ್ಬಳಿಗೇ ಸಾಕು."